ಮಿರುಗುವ ಹಸಿರು ಜೇನ್ನೊಣ ಮತ್ತು ಹೊಸ ಪ್ರಭೇದ: ಕೊಡಗಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಗಿನ ತೋಟಗಳಲ್ಲಿ, ಶಾಲೆಗಳಲ್ಲಿ ಜೇನ್ನೊಣಗಳ ಬಗ್ಗೆ ಮಾತಾಡಿದಾಗೆಲ್ಲ ಹಸಿರು ನೊಣದ ವಿಷಯ ಬಂದೇ ಬರುತ್ತದೆ. ಫೋಟೋ ಕಳಿಸಿ "ಇದು ಹೊಸದಾ ನೋಡಿ" ಅನ್ನುವವರೂ ಬಹಳ ಮಂದಿ. ಮಾತಿನಲ್ಲಿ, ಪತ್ರಗಳಲ್ಲಿ, ಫೋನ್ ಸಂದೇಶಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಕೊಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ.

## ಮೊದಲು ನೊಣದ ಪರಿಚಯ

ತುಳಸಿ ಕಟ್ಟೆ ಹತ್ತಿರ ಹಸಿರಾಗಿ ಹೊಳೆಯೋ ನೊಣ ಬರುತ್ತೆ. ಅದು ನಿಜವಾಗ್ಲೂ ಜೇನ್ನೊಣವೇನಾ?

ಹೂವಿನಿಂದ ಹೂವಿಗೆ ಹೋಗುತ್ತಾ ಪರಾಗ ಮೆತ್ತಿಕೊಂಡಿದ್ದರೆ ಹೌದು ಅನ್ನಬಹುದು. ಆದರೂ ಇಬ್ಬರು ವೇಷಧಾರಿಗಳು ಇದ್ದಾರೆ.

ಒಂದು, ಹಸಿರು ಮಾಂಸದ ನೊಣ. ಅದಕ್ಕೆ ಇರುವುದು ಎರಡೇ ರೆಕ್ಕೆ. ಕಣ್ಣು ದೊಡ್ಡದು, ಮೀಸೆ ಕಾಣಿಸದಷ್ಟು ಗಿಡ್ಡ. ಜೇನ್ನೊಣಕ್ಕೆ ನಾಲ್ಕು ರೆಕ್ಕೆ, ಮೀಸೆ ಚೆನ್ನಾಗಿ ಕಾಣುತ್ತದೆ.

ಇನ್ನೊಂದು, ಕ್ರಿಸಿಡಿಡೇ ಕುಟುಂಬದ ಕಣಜ. ಇದು ಬಹಳ ಜನರನ್ನು ಮೋಸ ಮಾಡುತ್ತದೆ, ಯಾಕೆಂದರೆ ಇದರ ಹಸಿರು ಜೇನ್ನೊಣದ ಹಸಿರಿಗಿಂತಲೂ ಚೆಂದ. ಮೈ ಗಟ್ಟಿ, ತುಂಬಾ ಗುಳಿಗಳು. ಹೊಟ್ಟೆಯ ಅಡಿಭಾಗ ಒಳಕ್ಕೆ ತಗ್ಗಾಗಿರುತ್ತದೆ. ಹೆದರಿದರೆ ಉಂಡೆ ಸುತ್ತಿಕೊಳ್ಳುತ್ತದೆ. ಪರಾಗ ಹೊರುವ ಕೂದಲು ಇರುವುದಿಲ್ಲ. ಇದು ಬೇರೆ ಕಣಜಗಳ, ಜೇನ್ನೊಣಗಳ ಗೂಡಿಗೆ ನುಗ್ಗಿ ಮೊಟ್ಟೆ ಇಡುವ ಜಾತಿ.

ಅದಕ್ಕೆ ಹೆಸರು ಅಂತ ಏನಾದ್ರೂ ಇದೆಯಾ?

ಇದೆ. ನಮ್ಮ ಕಡೆ ತುಳಸಿ, ಕಾಮಕಸ್ತೂರಿ, ತುಂಬೆ ಹೂವಿನಲ್ಲಿ ಕಾಣುವ, ಒಂದು ಸೆಂಟಿಮೀಟರ್‌ಗೂ ಕಡಿಮೆ ಉದ್ದದ, ಕೂದಲು ಕಡಿಮೆ ಇರುವ ಹಸಿರು ನೊಣ ಹೆಚ್ಚಾಗಿ ಸೆರಟಿನಾ ಕುಲದ್ದು. ಅದರಲ್ಲೂ ಭಾರತದ ತುಂಬಾ ಹರಡಿರುವುದು ಸೆರಟಿನಾ ಸ್ಮರಾಗ್ಡುಲಾ. ಡೆನ್ಮಾರ್ಕಿನ ಕೀಟಶಾಸ್ತ್ರಜ್ಞ ಫ್ಯಾಬ್ರಿಷಿಯಸ್ 1787ರಲ್ಲೇ ಇದಕ್ಕೆ ಹೆಸರಿಟ್ಟ. ನಮ್ಮ ಹೆಜ್ಜೇನು, ತುಡುವೆ, ಕೋಲುಜೇನಿಗೆ ವಿಜ್ಞಾನದ ಹೆಸರು ಕೊಟ್ಟವನೂ ಅವನೇ. ಇದಕ್ಕೆ ತುಂಬಾ ಹತ್ತಿರದ ಇನ್ನೊಂದು ಹಸಿರು ನೊಣ ಸೆರಟಿನಾ ಬಿಂಗ್ಹಾಮಿ. ಅದಕ್ಕೆ 1908ರಲ್ಲಿ ಕಾಕ್ರೆಲ್ ಎಂಬ ಕೀಟಶಾಸ್ತ್ರಜ್ಞರು ಹೆಸರಿಟ್ಟರು.

ಹ್ಯಾಲಿಕ್ಟಿಡೇ ಅನ್ನುವ ಇನ್ನೊಂದು ಕುಟುಂಬದಲ್ಲೂ ಹಸಿರು ಮಿರುಗುವ ಸಣ್ಣ ನೊಣಗಳಿವೆ. ಬಿಸಿಲಲ್ಲಿ ಕೆಲಸ ಮಾಡುವಾಗ ಕೈಮೇಲೆ ಕೂತು ಬೆವರು ಹೀರುವುದು ಈ ಕುಟುಂಬದವು. ಅವು ಹೆಚ್ಚಾಗಿ ನೆಲದಲ್ಲಿ ಬಿಲ ತೋಡುತ್ತವೆ.

ಇಂಟರ್ನೆಟ್‌ನಲ್ಲಿ ಎದೆ ಹಸಿರು, ಹೊಟ್ಟೆ ಹಳದಿ ಪಟ್ಟೆ ಇರೋ ನೊಣ ನೋಡಿದೆ. ನಮ್ಮ ತೋಟದ್ದೂ ಅದೇ ಅಲ್ವಾ?

ಅಲ್ಲ. ಅದು ಅಗಪೋಸ್ಟೆಮನ್ ಕುಲದ ಗಂಡು, ಅಮೆರಿಕ ಖಂಡಗಳದ್ದು. ಹಸಿರು ಆರ್ಕಿಡ್ ಜೇನ್ನೊಣಗಳೂ ಅಲ್ಲಿಯವೇ. ಫೋಟೋ ಹಾಕಿ ಹುಡುಕಿದರೆ ಮೊದಲು ಬರುವುದೇ ಅವು. ಹೆಸರು ನಂಬುವ ಮೊದಲು ಅದು ಯಾವ ದೇಶದ್ದು ಎಂದು ನೋಡಿ.

ಜೇನು ಕೊಡುತ್ತಾ? ಕಚ್ಚುತ್ತಾ?

ಜೇನು ಕೂಡಿಡುವುದಿಲ್ಲ. ಹೆಣ್ಣಿಗೆ ಮುಳ್ಳಿದೆ, ಹಿಡಿದು ಒತ್ತಿದರೆ ಚುಚ್ಚಬಹುದು, ನೋವು ಅಲ್ಪ. ಗಂಡಿಗೆ ಮುಳ್ಳೇ ಇಲ್ಲ.

ಗೂಡು ಎಲ್ಲಿ ಕಟ್ಟುತ್ತೆ? ನಾವು ಹುಡುಕಿದ್ರೂ ಸಿಗಲ್ಲ.

ಮರದ ಕೊಂಬೆ ನೋಡಿದರೆ ಸಿಗುವುದಿಲ್ಲ. ಬೇಲಿ ನೋಡಿ. ಒಣಗಿದ ಲಂಟಾನ ಕಡ್ಡಿ, ಕತ್ತರಿಸಿದ ಗುಲಾಬಿ, ದಾಸವಾಳದ ಒಣ ರೆಂಬೆ — ಒಳಗೆ ಮೆತ್ತನೆ ಬೆಂಡು ಇರುವ ಯಾವ ಕಡ್ಡಿಯಾದರೂ ಆಗುತ್ತದೆ. ಆದರೆ ಒಂದು ಶರತ್ತು: ತುದಿ ಮುರಿದಿರಬೇಕು. ಈ ನೊಣಕ್ಕೆ ಹೊರಗಿನ ಗಟ್ಟಿ ತೊಗಟೆ ಕೊರೆಯಲು ಆಗುವುದಿಲ್ಲ. ಮುರಿದ ತುದಿಯಿಂದ ಒಳಗೆ ಹೋಗಿ ಬೆಂಡನ್ನು ಕಚ್ಚಿ ತೆಗೆದು ಕೊಳವೆ ಮಾಡುತ್ತದೆ.

ಕೊಳವೆಯ ತಳದಲ್ಲಿ ಪರಾಗಕ್ಕೆ ಮಕರಂದ ಬೆರೆಸಿ ಒಂದು ಉಂಡೆ ಇಡುತ್ತದೆ. ಅದರ ಮೇಲೆ ಒಂದೇ ಮೊಟ್ಟೆ. ಬೆಂಡಿನ ಪುಡಿಯಿಂದ ಅಡ್ಡಗೋಡೆ. ಮತ್ತೆ ಉಂಡೆ, ಮತ್ತೆ ಮೊಟ್ಟೆ. ಇಷ್ಟೂ ಕೆಲಸ ಒಬ್ಬಳೇ ತಾಯಿಯದ್ದು. ರಾಣಿ, ಕೆಲಸಗಾರರು ಅಂತೆಲ್ಲ ತುಡುವೆ ಪೆಟ್ಟಿಗೆಯಲ್ಲಿರುವ ಏರ್ಪಾಡು ಇಲ್ಲಿಲ್ಲ.

ಹಾಗಾಗಿ ಕಾಫಿ ಕೊಯ್ಲು ಮುಗಿದ ಮೇಲೆ ಬೇಲಿ ಸವರಿ, ಕಪಾತು ಮಾಡಿದ ಕಡ್ಡಿಯನ್ನೆಲ್ಲ ರಾಶಿ ಹಾಕಿ ಸುಡುವ ಮುಂಚೆ ಸ್ವಲ್ಪ ಯೋಚಿಸಿ. ಒಂದು ಮೂಲೆಯಲ್ಲಿ ಒಣ ಕಡ್ಡಿಗಳನ್ನು ನಿಲ್ಲಿಸಿಟ್ಟರೆ ಸಾಕು, ಖರ್ಚೇನೂ ಇಲ್ಲ. ಇದನ್ನು ನಾನು ಎಲ್ಲ ತೋಟದವರ ಹತ್ತಿರವೂ ಕೇಳಿಕೊಳ್ಳುತ್ತೇನೆ.

ಕಾಫಿಗೆ ಇದರಿಂದ ಏನಾದ್ರೂ ಲಾಭ ಇದೆಯಾ?

ರೋಬಸ್ಟಾ ಗಿಡ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಬೇರೆ ಗಿಡದ ಪರಾಗ ಬೇಕು. ಅರೇಬಿಕಾ ತನ್ನಷ್ಟಕ್ಕೆ ತಾನೇ ಕಾಯಿ ಕಟ್ಟಬಲ್ಲದು. ಹೂಮಳೆ ಬಿದ್ದು ಒಂದು ವಾರ, ಹತ್ತು ದಿನದಲ್ಲಿ ತೋಟ ಬೆಳ್ಳಗಾದಾಗ ದೊಡ್ಡ ಕೆಲಸ ಮಾಡುವುದು ಹೆಜ್ಜೇನು ಮತ್ತು ತುಡುವೆ. ಸಣ್ಣ ಒಂಟಿ ನೊಣಗಳೂ ಬರುತ್ತವೆ. ಹಸಿರು ನೊಣದಿಂದಲೇ ಫಸಲು ಅಂತ ಹೇಳಿದರೆ ಅದು ಉತ್ಪ್ರೇಕ್ಷೆ. ಆದರೆ ಒಂದೇ ಜಾತಿಯನ್ನು ನಂಬಿ ಕೂರುವುದು ಅಪಾಯ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ದಕ್ಷಿಣ ಭಾರತದಲ್ಲಿ ತುಡುವೆ ಪೆಟ್ಟಿಗೆಗಳು ಖಾಲಿಯಾದದ್ದನ್ನು ಕೊಡಗಿನ ಹಳೆಯ ಜೇನು ಕೃಷಿಕರು ಮರೆತಿಲ್ಲ.

ಬಣ್ಣ ಇಷ್ಟು ಯಾಕೆ ಹೊಳೆಯುತ್ತೆ? ಸತ್ತ ಮೇಲೂ ಹಾಗೇ ಇರುತ್ತಲ್ಲ?

ಅದು ಬಳಿದ ಬಣ್ಣ ಅಲ್ಲ. ಮೈಯ ಚಿಪ್ಪಿನಲ್ಲಿ ಬಹಳ ತೆಳುವಾದ ಪದರಗಳು ಒಂದರ ಮೇಲೊಂದು ಇವೆ. ಬೆಳಕು ಅವುಗಳಿಂದ ವಾಪಸ್ ಬರುವಾಗ ಹಸಿರು ಮಾತ್ರ ಬಲವಾಗುತ್ತದೆ. ಪದರ ಇರುವತನಕ ಬಣ್ಣ ಇರುತ್ತದೆ. ಅದಕ್ಕೇ ನೂರು ವರ್ಷ ಹಿಂದಿನ ಮಾದರಿಯೂ ಮಿರುಗುತ್ತದೆ. ಪದರದ ದಪ್ಪ ಸ್ವಲ್ಪ ಬದಲಾದರೂ ಹಸಿರು ನೀಲಿಯತ್ತಲೋ ತಾಮ್ರದತ್ತಲೋ ಜಾರುತ್ತದೆ. ಗಾಳಿಯ ತೇವಕ್ಕೆ ತಕ್ಕಂತೆ ಬಣ್ಣ ಬದಲಾಗುವ ಹಸಿರು ನೊಣಗಳೂ ಇವೆ.

## ಹೊಸದು ಅಂತ ಹೇಳೋದು ಹೇಗೆ

ಇಷ್ಟು ನೀಲಿ ಮಿಶ್ರಿತ ಹಸಿರು ನಾನು ಯಾವತ್ತೂ ನೋಡಿಲ್ಲ. ಖಂಡಿತ ಹೊಸ ಪ್ರಭೇದ ಅಲ್ವಾ?

ಬಣ್ಣ ನೋಡಿ ಹೊಸದು ಅನ್ನಬೇಡಿ. ನಮ್ಮ ಕಣ್ಣನ್ನು ನೊಣದ ಹತ್ತಿರ ಎಳೆದು ತರುವುದು ಬಣ್ಣವೇ, ನಿಜ. ಆದರೆ ತೀರ್ಮಾನಕ್ಕೆ ಅದು ಅತ್ಯಂತ ದುರ್ಬಲ ಸಾಕ್ಷಿ. ಒಂದೇ ಗೂಡಿನ ಅಕ್ಕತಂಗಿಯರಲ್ಲೂ ಹೊಳಪು ಬೇರೆ ಬೇರೆ ಇರಬಹುದು. ಬೆಳಗಿನ ಬಿಸಿಲಿಗೆ ಒಂದು ಬಣ್ಣ, ಕ್ಯಾಮೆರಾ ಫ್ಲ್ಯಾಷ್‌ಗೆ ಇನ್ನೊಂದು ಬಣ್ಣ. ಬಣ್ಣದ ಭರವಸೆಯಲ್ಲಿ ಹಿಂದಿನವರು ಇಟ್ಟ ಎಷ್ಟೋ ಹೆಸರುಗಳು ಆಮೇಲೆ ಹಳೆಯ ಹೆಸರಿನೊಳಗೆ ಸೇರಿಹೋಗಿವೆ.

"ನಾನು ನೋಡಿಲ್ಲ" ಮತ್ತು "ಯಾರೂ ಹೆಸರಿಟ್ಟಿಲ್ಲ" ಎರಡೂ ಬೇರೆ. ಲೋಕದಲ್ಲಿ ಹೆಸರಿಟ್ಟಿರುವ ಜೇನ್ನೊಣ ಪ್ರಭೇದಗಳು 20,000ಕ್ಕೂ ಹೆಚ್ಚು. ನಿಮ್ಮ ನೊಣ ಅವುಗಳಲ್ಲಿ ಯಾವುದೂ ಅಲ್ಲ ಎಂದು ತೋರಿಸುವುದೇ ಇಡೀ ಕೆಲಸ. ಕಂಡುಹಿಡಿಯುವುದು ತೋಟದಲ್ಲಿ ಆಗಬಹುದು, ಹೊಸದು ಎಂದು ಗೊತ್ತಾಗುವುದು ಹೋಲಿಸಿ ನೋಡಿದ ಮೇಲೆಯೇ.

ಹಾಗಾದ್ರೆ ಮೈಕ್ರೋಸ್ಕೋಪ್‌ನಲ್ಲಿ ಏನು ನೋಡ್ತೀರಿ?

ಮೊದಲು ಗಂಡೋ ಹೆಣ್ಣೋ ನೋಡಬೇಕು. ಮೀಸೆಯ ಗೆಣ್ಣು ಎಣಿಸಿದರೆ ಗೊತ್ತಾಗುತ್ತದೆ: ಹೆಣ್ಣಿಗೆ 12, ಗಂಡಿಗೆ 13. ಹೊಟ್ಟೆಯ ಮೇಲೆ ಕಾಣುವ ಪಟ್ಟಿಗಳು ಹೆಣ್ಣಿಗೆ 6, ಗಂಡಿಗೆ 7.

ಆಮೇಲೆ ಕುಟುಂಬ, ಕುಲ. ರೆಕ್ಕೆಯ ನರಗಳು ಇಲ್ಲಿ ಸಹಾಯ ಮಾಡುತ್ತವೆ. ಹ್ಯಾಲಿಕ್ಟಿಡೇ ನೊಣಗಳಲ್ಲಿ ರೆಕ್ಕೆಯ ಬುಡದ ಹತ್ತಿರದ ಒಂದು ನರ ಬಿಲ್ಲಿನ ಹಾಗೆ ಬಾಗಿರುತ್ತದೆ.

ಪ್ರಭೇದದ ಮಟ್ಟಕ್ಕೆ ಬಂದರೆ ನಿಧಾನದ ಕೆಲಸ. ಮುಖದ ಮೇಲಿನ ಹಳದಿ ಗುರುತು ಎಷ್ಟು ಅಗಲ, ಎಲ್ಲಿಗೆ ನಿಲ್ಲುತ್ತದೆ? ತಲೆ, ಎದೆಯ ಮೇಲಿನ ಸಣ್ಣ ಗುಳಿಗಳು ಒತ್ತಾಗಿವೆಯೋ ಬಿಡಿಯಾಗಿವೆಯೋ? ಎರಡು ಗುಳಿಗಳ ನಡುವಿನ ಜಾಗ ನುಣುಪೋ ಒರಟೋ? ಹಿಂಗಾಲಿನ ಆಕಾರ ಹೇಗಿದೆ? ಗಂಡಿನ ಹೊಟ್ಟೆಯ ಕೊನೆಯ ಪಟ್ಟಿಗಳ ಅಂಚು, ಒಳಗೆ ಅಡಗಿರುವ ಜನನಾಂಗದ ಆಕಾರ — ಹೆಚ್ಚಿನ ಸಲ ಕೊನೆಯ ಮಾತು ಇದರದ್ದೇ. ಹೊರಗಿಂದ ಒಂದೇ ಥರ ಕಾಣುವ ಎರಡು ಗಂಡುಗಳು ಇಲ್ಲಿ ಬೇರೆಯಾಗಿಬಿಡುತ್ತವೆ.

ಇದನ್ನು ಒಂದು ನೊಣದಲ್ಲಿ ನೋಡಿದರೆ ಸಾಲದು. ಹಲವು ನೊಣಗಳಲ್ಲಿ, ಹಲವು ಜಾಗದವುಗಳಲ್ಲಿ ನೋಡಬೇಕು. ವ್ಯತ್ಯಾಸ ನಡುವೆ ಎಲ್ಲೂ ಕೂಡಿಕೊಳ್ಳದೆ ಎರಡು ಗುಂಪಾಗಿ ನಿಂತರೆ ಆಗ ಮಾತಾಡಬಹುದು. ಎರಡು ಗುಂಪೂ ಒಂದೇ ತೋಟದಲ್ಲಿ, ಒಂದೇ ಹೂವಿನಲ್ಲಿ ಸಿಕ್ಕಿ, ಆದರೂ ಬೆರೆಯದೆ ಇದ್ದರೆ ಸಾಕ್ಷಿ ಇನ್ನೂ ಗಟ್ಟಿ.

ಹಳೆಯದರ ಜೊತೆ ಹೋಲಿಸೋದು ಅಂದ್ರೆ, ಆ ಹಳೆಯ ನೊಣ ಈಗ ಎಲ್ಲಿರುತ್ತೆ?

ಮ್ಯೂಸಿಯಂಗಳಲ್ಲಿ. ಬ್ರಿಟಿಷರ ಕಾಲದಲ್ಲಿ ಹೆಸರಿಟ್ಟ ಭಾರತದ ಜೇನ್ನೊಣಗಳ ಮೂಲ ಮಾದರಿಗಳು ಬಹಳಷ್ಟು ಲಂಡನ್, ಆಕ್ಸ್‌ಫರ್ಡ್‌ಗಳಲ್ಲಿವೆ. ಬಿಂಗ್ಹಾಮ್ 1897ರಲ್ಲಿ ಬ್ರಿಟಿಷ್ ಇಂಡಿಯಾದ ಕಣಜ, ಜೇನ್ನೊಣಗಳ ಬಗ್ಗೆ ಒಂದು ಸಂಪುಟ ಬರೆದರು. ಇವತ್ತಿಗೂ ನಾವು ಅಲ್ಲಿಂದಲೇ ಶುರು ಮಾಡುತ್ತೇವೆ. ಆದರೆ ಆ ಕಾಲದ ವಿವರಣೆ ಕೆಲವೇ ಸಾಲು. "ಹಸಿರು, ಹೊಳಪು, ಗುಳಿಗಳಿವೆ" ಎಂದರೆ ಹತ್ತು ನೊಣಕ್ಕೆ ಹೊಂದುತ್ತದೆ. ಆಗ ಮೂಲ ಮಾದರಿಯನ್ನೇ ನೋಡಬೇಕು, ಇಲ್ಲವೇ ಅದರ ಒಳ್ಳೆಯ ಫೋಟೋ ತರಿಸಬೇಕು. ಕೊಲ್ಕತ್ತಾದಲ್ಲಿ 1916ರಲ್ಲಿ ಶುರುವಾದ ಭಾರತೀಯ ಪ್ರಾಣಿ ಸರ್ವೇಕ್ಷಣೆಯಲ್ಲೂ ದೊಡ್ಡ ಸಂಗ್ರಹ ಇದೆ. ಬೆಂಗಳೂರಿನಲ್ಲೂ ಕೃಷಿ ಕೀಟಗಳ ರಾಷ್ಟ್ರೀಯ ಬ್ಯೂರೋ, ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಕೀಟ ಸಂಗ್ರಹ ಇದೆ.

ಒಳ್ಳೆ ಫೋಟೋ ಇದೆಯಲ್ಲ. ಪಾಪ, ಅದನ್ನು ಕೊಲ್ಲಲೇಬೇಕಾ?

ಎಲ್ಲಕ್ಕಿಂತ ಹೆಚ್ಚು ಕೇಳುವ ಪ್ರಶ್ನೆ ಇದು. ಕೇಳುವುದು ಸರಿಯೇ. ನೊಣವನ್ನು ಇಷ್ಟಪಡುವವರಿಗೆ ಅದನ್ನು ಕೊಲ್ಲುವುದು ಸುಲಭವಲ್ಲ.

ಫೋಟೋದಿಂದ ಹೆಸರಿಟ್ಟ ಉದಾಹರಣೆ ಇದೆ. ದಕ್ಷಿಣ ಆಫ್ರಿಕಾದ ಒಂದು ನೊಣ (ಜೇನ್ನೊಣ ಅಲ್ಲ, ಎರಡು ರೆಕ್ಕೆಯದು), ಮಾರ್ಲಿಮೈಯಾ ಜೈಲೋಕೋಪೇ, 2015ರಲ್ಲಿ ಬರೀ ಫೋಟೋಗಳ ಆಧಾರದ ಮೇಲೆ ಪ್ರಕಟವಾಯಿತು. ಅದರ ಮೇಲೆ ಲೋಕದ ಕೀಟಶಾಸ್ತ್ರಜ್ಞರಲ್ಲಿ ದೊಡ್ಡ ವಾದವೇ ನಡೆಯಿತು. ನಿಯಮದಲ್ಲಿ ಅದಕ್ಕೆ ದಾರಿ ಇದೆ. ಆದರೆ ನಮ್ಮ ಹಸಿರು ನೊಣಕ್ಕೆ ಆ ದಾರಿ ಹಿಡಿಯುವುದು ತಪ್ಪು ಎಂದೇ ನನ್ನ ಅಭಿಪ್ರಾಯ. ಫೋಟೋದಲ್ಲಿ ಕಾಣುವುದು ಬಣ್ಣ. ನಮಗೆ ಬೇಕಾದ್ದು ಗುಳಿಯ ಅಂತರ, ಅಡಗಿರುವ ಪಟ್ಟಿ, ಜನನಾಂಗ. ಫೋಟೋದಲ್ಲಿ ಕಾಲು ತಿರುಗಿಸಿ ನೋಡಲು ಆಗುವುದಿಲ್ಲ. ಐವತ್ತು ವರ್ಷದ ನಂತರ ಯಾರೋ ಸಂಶಯ ಎತ್ತಿದರೆ, ಉತ್ತರ ಕೊಡುವುದು ಪೆಟ್ಟಿಗೆಯಲ್ಲಿರುವ ಆ ನೊಣ.

ಬೇಕಾದಷ್ಟೇ ಹಿಡಿಯಬೇಕು. ಗೂಡು ಕಾಯುತ್ತಿರುವ ತಾಯಿಯನ್ನು ಸುಮ್ನೆ ಹಿಡಿಯಬಾರದು. ಹಿಡಿದದ್ದನ್ನು ಚೀಟಿ ಇಲ್ಲದೆ ಹಾಳು ಮಾಡಬಾರದು. ಅದಕ್ಕಿಂತ ದೊಡ್ಡ ಅನ್ಯಾಯ ಇಲ್ಲ.

ಡಿಎನ್‌ಎ ಟೆಸ್ಟ್ ಮಾಡಿಸಿದ್ರೆ ಮುಗೀತಲ್ಲ?

ಮುಗಿಯುವುದಿಲ್ಲ. ಹೆಚ್ಚಾಗಿ ಓದುವುದು ಸಿಒಐ ಅನ್ನುವ ಜೀನಿನ ಸುಮಾರು 650 ಅಕ್ಷರದ ತುಂಡು. 2003ರಲ್ಲಿ ಪಾಲ್ ಹೆಬರ್ಟ್ ತಂಡ ಇದನ್ನು ಪ್ರಾಣಿಗಳ ಬಾರ್‌ಕೋಡ್ ಎಂದು ಮುಂದಿಟ್ಟಿತು. ಗಂಡು ಹೆಣ್ಣನ್ನು ಜೋಡಿಸಲು, ಸಂಶಯ ಬಂದ ಗುಂಪನ್ನು ಬೇರೆ ಮಾಡಲು ಇದು ಬಹಳ ಉಪಯೋಗ. ಆದರೆ ಹೋಲಿಸಲು ಹತ್ತಿರದ ಪ್ರಭೇದಗಳ ಬಾರ್‌ಕೋಡ್ ಮೊದಲೇ ಇರಬೇಕು. ಭಾರತದ ಒಂಟಿ ನೊಣಗಳಲ್ಲಿ ಎಷ್ಟೋ ಇನ್ನೂ ದಾಖಲಾಗಿಲ್ಲ. "ಹೊಂದಾಣಿಕೆ ಸಿಗಲಿಲ್ಲ" ಎಂದು ಕಂಪ್ಯೂಟರ್ ಹೇಳಿದರೆ, ಅದರ ಅರ್ಥ ಪಟ್ಟಿಯಲ್ಲಿ ಇಲ್ಲ ಎಂದಷ್ಟೇ. ವೋಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ಕೀಟದ ಮೈಯಲ್ಲಿದ್ದರೂ ಫಲಿತಾಂಶ ದಾರಿ ತಪ್ಪಿಸಬಹುದು. ರೂಪ ಮತ್ತು ಡಿಎನ್‌ಎ ಎರಡೂ ಒಂದೇ ಮಾತು ಹೇಳಿದರೆ ನೆಮ್ಮದಿ.

## ಹಿಡಿಯುವುದು, ಬರೆಯುವುದು, ಹೆಸರಿಡುವುದು

ನಮ್ಮದೇ ತೋಟ. ಹಿಡಿಯೋಕೆ ಯಾರ ಅನುಮತಿ ಬೇಕು?

ಖಾಸಗಿ ತೋಟದಲ್ಲಿ ಮೊದಲು ಮಾಲೀಕರ ಒಪ್ಪಿಗೆ. ಪುಷ್ಪಗಿರಿ, ತಲಕಾವೇರಿ, ಬ್ರಹ್ಮಗಿರಿ ಅಭಯಾರಣ್ಯ ಅಥವಾ ನಾಗರಹೊಳೆ ಒಳಗೆ ಆದರೆ ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಬಲೆ ಬೀಸಲೇಬಾರದು. ದೇವರಕಾಡಿನಲ್ಲಿ ಊರಿನವರನ್ನೂ ಕೇಳಿ. ಕಾನೂನಿನ ಮಾತು ಬಿಡಿ, ಅದು ಮರ್ಯಾದೆ.

ಇನ್ನೊಂದು ವಿಷಯ. 2002ರ ಜೀವವೈವಿಧ್ಯ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ಹೊಸ ಪ್ರಭೇದ ಕಂಡುಹಿಡಿದವರು ಸರ್ಕಾರ ಗೊತ್ತು ಮಾಡಿದ ಸಂಗ್ರಹಾಲಯಕ್ಕೆ ತಿಳಿಸಿ, ಮಾದರಿಯನ್ನು ಅಲ್ಲಿ ಇಡಬೇಕು. ವಿದೇಶಕ್ಕೆ ಕಳಿಸುವ ಮುಂಚೆ ಇದೇ ಕಾಯ್ದೆಯ ಬೇರೆ ನಿಯಮಗಳನ್ನೂ ಓದಿಕೊಳ್ಳಿ. ಪೋಸ್ಟ್‌ಗೆ ಹಾಕಿಬಿಡುವಷ್ಟು ಸುಲಭ ಅಲ್ಲ.

ಜೂನ್ ಬಂತೆಂದ್ರೆ ನಮ್ಮಲ್ಲಿ ಚಪ್ಪಲಿಗೂ ಬೂಸ್ಟು ಬರುತ್ತೆ. ನೊಣ ಹೇಗೆ ಕಾಪಾಡೋದು?

ಕೊಡಗಿನಲ್ಲಿ ಮಾದರಿಗೆ ದೊಡ್ಡ ಶತ್ರು ಮಳೆಗಾಲವೇ. ಗಾಳಿಯಾಡದ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್. ಜೆಲ್‌ನ ಬಣ್ಣ ಬದಲಾದ ಕೂಡಲೇ ಬಿಸಿ ಮಾಡಿ ಒಣಗಿಸಿ. ಪಿನ್ನನ್ನು ಎದೆಯ ಬಲಭಾಗದಲ್ಲಿ ಚುಚ್ಚಿ, ಎಡಭಾಗ ಪೂರ್ತಿ ಉಳಿಯುತ್ತದೆ. ಗಂಡಿನ ಜನನಾಂಗವನ್ನು ಮೈ ಮೆತ್ತಗಿರುವಾಗಲೇ ಹೊರಗೆಳೆದು ಬಿಡಬೇಕು. ಒಣಗಿದ ಮೇಲೆ ಮತ್ತೆ ನೆನೆಸುವ ಕೆಲಸ. ಡಿಎನ್‌ಎಗೆ ಒಂದು ಕಾಲನ್ನು ಶುದ್ಧ ಆಲ್ಕೋಹಾಲಿನಲ್ಲಿ ಹಾಕಿ ಫ್ರೀಜರ್‌ನಲ್ಲಿ ಇಡಿ.

ಚೀಟಿ ಪ್ರತಿ ನೊಣಕ್ಕೂ ಬೇಕು: ಜಿಲ್ಲೆ, ಊರು, ಅಕ್ಷಾಂಶ-ರೇಖಾಂಶ, ಎತ್ತರ, ತಾರೀಕು, ಹಿಡಿದವರ ಹೆಸರು, ಯಾವ ಹೂವು. ಬರೀ "ಕೂರ್ಗ್" ಎಂದು ಬರೆದ ಹಳೆಯ ಚೀಟಿ ನಮಗೆ ಏನೂ ಹೇಳುವುದಿಲ್ಲ. ಕುಶಾಲನಗರದ ಒಣ ಬಯಲು, 1,748 ಮೀಟರ್ ಎತ್ತರದ ತಡಿಯಂಡಮೋಳ್ ಎರಡೂ ಕೊಡಗೇ ಅಲ್ವಾ.

ಪೇಪರ್‌ನಲ್ಲಿ ಏನೇನು ಇದ್ದರೆ ಹೆಸರು ಊರ್ಜಿತ?

ಪ್ರಾಣಿಗಳ ಹೆಸರಿಗೆ ಅಂತರರಾಷ್ಟ್ರೀಯ ನಿಯಮ ಸಂಹಿತೆ ಇದೆ. ಈಗಿನದು ನಾಲ್ಕನೇ ಆವೃತ್ತಿ, 2000ದ ಜನವರಿಯಿಂದ ಜಾರಿಯಲ್ಲಿದೆ. ಹೆಸರು ಲ್ಯಾಟಿನ್ ಅಕ್ಷರದಲ್ಲಿರಬೇಕು. ಹೊಸ ಪ್ರಭೇದ ಎಂದು ಸ್ಪಷ್ಟವಾಗಿ ಹೇಳಿರಬೇಕು. ಬೇರೆಯವುಗಳಿಂದ ಹೇಗೆ ಭಿನ್ನ ಎಂದು ಬರೆದಿರಬೇಕು. ಹೋಲೋಟೈಪ್, ಅಂದರೆ ಹೆಸರನ್ನು ಹೊರುವ ಆ ಒಂದು ನೊಣ ಯಾವುದು, ಯಾವ ಸಂಗ್ರಹದಲ್ಲಿ ಇರುತ್ತದೆ ಎಂದು ತಿಳಿಸಬೇಕು. ಬರೀ ಇಂಟರ್ನೆಟ್‌ನಲ್ಲಿ ಬರುವ ಜರ್ನಲ್ ಆದರೆ, ಪ್ರಾಣಿಗಳ ಹೆಸರು ದಾಖಲಿಸುವ ಜೂಬ್ಯಾಂಕ್‌ನಲ್ಲಿ ನೋಂದಣಿ ಆಗಿರಬೇಕು.

ಇದು ನಿಯಮ ಕೇಳುವ ಕನಿಷ್ಠ. ಒಳ್ಳೆಯ ಲೇಖನದಲ್ಲಿ ಗಂಡು ಹೆಣ್ಣು ಎರಡರ ವಿವರ, ಅಳತೆ, ಚಿತ್ರ, ಜೊತೆಗೆ ಮುಂದಿನವರು ಹತ್ತಿರದ ಪ್ರಭೇದಗಳನ್ನು ಗುರುತಿಸಲು ಒಂದು ಕೀಲಿ, ಅಂದರೆ ಗುಣಗಳನ್ನು ಒಂದೊಂದಾಗಿ ನೋಡುತ್ತಾ ಹೆಸರಿಗೆ ತಲುಪಿಸುವ ಪಟ್ಟಿ, ಇರುತ್ತದೆ. ಕೀಲಿ ಇಲ್ಲದ ಹೊಸ ಪ್ರಭೇದದ ಲೇಖನ ಓದಿದರೆ ನನಗೆ ಅರ್ಧ ಕೆಲಸ ಬಾಕಿ ಇದೆ ಎನಿಸುತ್ತದೆ.

ತೋಟ ನಮ್ಮದು. ನಮ್ಮ ಅಪ್ಪನ ಹೆಸರು ಇಡಬಹುದಾ?

ಇಡಬಹುದು, ಲೇಖನ ಬರೆಯುವವರು ಒಪ್ಪಿದರೆ. ಹೆಸರಿಡುವ ಹಕ್ಕು ಬರೆದವರದ್ದು. ಊರಿನ ಹೆಸರು, ಗುಣದ ಹೆಸರು, ಸ್ಥಳೀಯ ಮಾತು ಎಲ್ಲವೂ ನಡೆಯುತ್ತದೆ. ಆ ಕುಲದಲ್ಲಿ ಅದೇ ಹೆಸರು ಮೊದಲೇ ಇರಬಾರದು. ಬರೆಯುವವರು ತಮ್ಮದೇ ಹೆಸರು ಇಟ್ಟುಕೊಳ್ಳುವುದನ್ನು ಯಾರೂ ಮೆಚ್ಚುವುದಿಲ್ಲ.

ಲೇಖನ ಬರೋ ಮುಂಚೆ ಪತ್ರಿಕೆಗೆ ಸುದ್ದಿ ಕೊಡಬಹುದಾ?

ಬೇಡ. ಹೆಸರು ಹೊರಗೆ ಬಿದ್ದು, ವಿವರಣೆ ಇಲ್ಲದಿದ್ದರೆ ಅದು ಯಾರಿಗೂ ಉಪಯೋಗವಿಲ್ಲದ ಹೆಸರಾಗಿ ಓಡಾಡುತ್ತದೆ. ಪ್ರಕಟವಾದ ದಿನ ಹೇಳಿ, ಊರಿಗೆಲ್ಲ ಹೇಳಿ.

ಎಷ್ಟು ಸಮಯ ಹಿಡಿಯುತ್ತೆ?

2012ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಹೊಸ ಪ್ರಭೇದದ ಮೊದಲ ಮಾದರಿ ಸಿಕ್ಕ ದಿನದಿಂದ ಹೆಸರು ಬರುವ ತನಕ ಸರಾಸರಿ 21 ವರ್ಷ. ಹೆಚ್ಚಿನ ಕಾಲ ಅದು ಕಪಾಟಿನಲ್ಲಿ ನೋಡುವವರಿಲ್ಲದೆ ಕೂತಿರುತ್ತದೆ. ನಮಗೆ ಕೊರತೆ ನೊಣದ್ದಲ್ಲ, ಕೂತು ನೋಡುವ ಜನರದ್ದು.

ನಾನು ಬಿ.ಎಸ್ಸಿ. ಓದ್ತಿದ್ದೀನಿ ಅಕ್ಕ. ನಾನೂ ಬರೆಯಬಹುದಾ, ಪಿಎಚ್‌.ಡಿ. ಬೇಕಾ?

ಯಾವ ಪದವಿಯೂ ನಿಯಮದಲ್ಲಿ ಇಲ್ಲ. ಆದರೆ ಒಬ್ಬಳೇ ಶುರು ಮಾಡಬೇಡಮ್ಮ. ಮೊದಲು ನಿನ್ನ ಕಾಲೇಜಿನ ಸುತ್ತ ಇರುವ ಹೆಸರು ಗೊತ್ತಿರುವ ನೊಣಗಳನ್ನು ಕೀಲಿ ಹಿಡಿದು ಗುರುತಿಸಲು ಕಲಿ. ಸ್ಮರಾಗ್ಡುಲಾದ ಗಂಡು ಹೆಣ್ಣನ್ನು ಕಣ್ಣು ಮುಚ್ಚಿ ಬರೆಯುವಷ್ಟು ಪರಿಚಯ ಆಗಲಿ. ಪೊನ್ನಂಪೇಟೆಯ ಅರಣ್ಯ ಕಾಲೇಜಿನಲ್ಲಿ ಕೇಳಿ ನೋಡು, ಬೆಂಗಳೂರಿನ ಸಂಗ್ರಹಗಳಿಗೆ ಪತ್ರ ಬರೆ. ಜರ್ನಲ್‌ಗೆ ದುಡ್ಡು ಬೇಕೆಂಬ ಹೆದರಿಕೆ ಬೇಡ. ಜೂಟ್ಯಾಕ್ಸಾದಂಥ ಗೌರವದ ಜರ್ನಲ್‌ಗಳಲ್ಲಿ ಶುಲ್ಕ ಕಟ್ಟದೆ ಪ್ರಕಟಿಸಬಹುದು. ಹಣ ಕೊಟ್ಟರೆ ವಾರದಲ್ಲಿ ಹಾಕುತ್ತೇವೆ ಅನ್ನುವವರ ಹತ್ತಿರ ಹೋಗಲೇಬೇಡ.

ಒಂದು ಸಲ ಹೆಸರು ಬಂದ ಮೇಲೆ ಅದು ರದ್ದಾಗುತ್ತಾ?

ಹೆಸರು ಅಳಿಸಿಹೋಗುವುದಿಲ್ಲ. ಆದರೆ ಹಳೆಯ ಹೆಸರಿನ ಇನ್ನೊಂದು ರೂಪ ಎಂದು ಬೇರೆಯವರು ತೋರಿಸಬಹುದು. ಗಂಡಿಗೊಂದು, ಹೆಣ್ಣಿಗೊಂದು ಹೆಸರಿಟ್ಟು ಆಮೇಲೆ ಎರಡೂ ಒಂದೇ ಎಂದಾದ ಕಥೆಗಳು ಜೇನ್ನೊಣಗಳಲ್ಲಿ ಬಹಳ. ಪಶ್ಚಿಮ ಘಟ್ಟದ ಕಪ್ಪು ತುಡುವೆಗೆ 2022ರಲ್ಲಿ ಏಪಿಸ್ ಕರಿಂಜೊಡಿಯನ್ ಎಂಬ ಹೊಸ ಹೆಸರು ಬಂತು. ಅದು ಬೇರೆ ಪ್ರಭೇದವೇ, ತುಡುವೆಯ ಒಂದು ರೂಪವೇ ಎಂಬ ಚರ್ಚೆ ಈಗಲೂ ಇದೆ. ಇದರಲ್ಲಿ ಅವಮಾನ ಏನಿಲ್ಲ. ಮಾದರಿ ಮತ್ತು ಚಿತ್ರ ಸರಿಯಾಗಿ ಇಟ್ಟವರ ಕೆಲಸ ಹೆಸರು ಬಿದ್ದರೂ ಉಳಿಯುತ್ತದೆ.

ನಮಗೆ ಒಂದೇ ಒಂದು ಹೆಣ್ಣು ಸಿಕ್ಕಿದೆ, ಯಾವುದಕ್ಕೂ ಹೊಂದ್ತಾ ಇಲ್ಲ. ಈಗ್ಲೇ ಬರೆದುಬಿಡಬಹುದಾ?

ನಿಯಮ ಬೇಡ ಅನ್ನುವುದಿಲ್ಲ. ನಾನು ಬೇಡ ಅನ್ನುತ್ತೇನೆ. ಸೆರಟಿನಾದಂಥ ಗುಂಪಿನಲ್ಲಿ ಗಂಡು ನೋಡದೆ ಬರೆದರೆ ಮುಂದಿನವರಿಗೆ ಗೋಜಲು ಬಿಟ್ಟುಹೋದಂತೆ.

ಗಂಡು ಹುಡುಕಲು ಒಳ್ಳೆಯ ದಾರಿ ಗೂಡು. ಅದೇ ಜಾಗದ ಸುತ್ತ ತುದಿ ಮುರಿದ ಒಣ ಕಡ್ಡಿಗಳನ್ನು ನೋಡಿ. ತುದಿಯಲ್ಲಿ ದುಂಡಗಿನ ತೂತು ಇದ್ದರೆ ಸಂಜೆ ಹೊತ್ತು ಅದನ್ನು ಕತ್ತರಿಸಿ ತನ್ನಿ. ಬ್ಲೇಡಿನಿಂದ ಉದ್ದಕ್ಕೆ ಸೀಳಿ. ಒಳಗೆ ಸಾಲಾಗಿ ಹುಳ, ಗೂಡುಹುಳ ಇರುತ್ತವೆ. ಜೇನ್ನೊಣದಲ್ಲಿ ತಾಯಿ ಫಲಿತ ಮೊಟ್ಟೆಯಿಂದ ಹೆಣ್ಣನ್ನು, ಫಲಿತವಾಗದ ಮೊಟ್ಟೆಯಿಂದ ಗಂಡನ್ನು ಪಡೆಯುತ್ತಾಳೆ. ಹಾಗಾಗಿ ಒಂದೇ ಕಡ್ಡಿಯಲ್ಲಿ ಎರಡೂ ಸಿಗುವ ಸಾಧ್ಯತೆ ಜಾಸ್ತಿ. ಒಂದೊಂದನ್ನೂ ಬೇರೆ ಬೇರೆ ಸಣ್ಣ ಶೀಶೆಯಲ್ಲಿ ಹತ್ತಿ ಮುಚ್ಚಿ, ಕತ್ತಲಲ್ಲಿ, ಒಣ ಜಾಗದಲ್ಲಿ ಇಡಿ. ಎಲ್ಲ ಶೀಶೆಗೂ ಆ ಗೂಡಿನ ನಂಬರ್ ಬರೆಯಿರಿ. ಪರಾಗದ ಉಂಡೆ ಉಳಿದಿದ್ದರೆ ಅದನ್ನೂ ಇಟ್ಟುಕೊಳ್ಳಿ, ಯಾವ ಹೂವಿಗೆ ಹೋಗಿತ್ತು ಎಂದು ಆಮೇಲೆ ನೋಡಬಹುದು. ಹೊರಬಂದ ಗಂಡು ಹೆಣ್ಣು ಒಂದೇ ತಾಯಿಯ ಮಕ್ಕಳು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಸಿಗುವುದು ಕಷ್ಟ. ಸೀಳಿದ ಕಡ್ಡಿಯನ್ನೂ ಎಸೆಯಬೇಡಿ. ನೂಲು ಸುತ್ತಿ, ಅದೇ ನಂಬರ್ ಹಾಕಿ, ಮಾದರಿಯ ಜೊತೆಗೇ ಸಂಗ್ರಹಕ್ಕೆ ಕೊಡಿ.